ಕ್ರೂಗರ್‌ಗೆ ನಾವೇ ಕಾರು ಓಡಿಸ್ಕೊಂಡು: ಇಳಿದ ದಿನವೇ ಕಾಡಿಗೆ ಹೋಗ್ಬೇಕಾ?

ತುಂಗಾತೀರ:

ನಮಸ್ಕಾರ ಎಲ್ಲರಿಗೂ. ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕ್‌ಗೆ ಸೆಲ್ಫ್ ಡ್ರೈವ್ ಹೋಗ್ಬೇಕು ಅಂತ ಪ್ಲಾನ್ ಹಾಕೋರು ಬಹಳ ಜನ ಕಾಣ್ತಿದಾರೆ, ಖುಷಿ ವಿಷಯ. ಆದ್ರೆ ನಾನು ನೋಡಿದ ಪ್ಲಾನುಗಳಲ್ಲಿ ಮುಕ್ಕಾಲುಪಾಲು ಒಂದೇ ರೀತಿ: ಮಧ್ಯಾಹ್ನ ಜೋಹಾನ್ಸ್‌ಬರ್ಗ್‌ನಲ್ಲಿ ಇಳಿಯೋದು, ಏರ್‌ಪೋರ್ಟಲ್ಲೇ ಕಾರು ತಗೊಳ್ಳೋದು, ಅವತ್ತೇ ಸಂಜೆ ಕಾಡೊಳಗಿನ ಕ್ಯಾಂಪು. ದಯವಿಟ್ಟು ಹೀಗೆ ಮಾಡಬೇಡಿ ಅಂತ ಹೇಳೋಕೇ ಇದನ್ನ ಬರೀತಿದೀನಿ. ಒಂದು ರಾತ್ರಿ ಹೊರಗೆ ಮಲಗಿ, ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೆ ಒಳಗೆ ಹೋಗಿ. ನಾವು ಜುಲೈನಲ್ಲಿ ಹೋಗಿ ಬಂದ್ವಿ, ನಾನು, ನನ್ನ ಹೆಂಡತಿ, ಅವಳ ತಮ್ಮ.

ಮೊದಲು ಪ್ರಯಾಣದ ಲೆಕ್ಕ. ಬೆಂಗಳೂರಿಂದ ಹೋಗೋರು ದುಬೈ, ದೋಹಾ ಇಲ್ಲಾ ಆಡಿಸ್ ಅಬಾಬ ಕಡೆಯಿಂದ ವಿಮಾನ ಬದಲಾಯಿಸ್ಕೊಂಡು ಹೋಗ್ತಾರೆ. ದುಬೈಗೆ ಸುಮಾರು 4 ಗಂಟೆ, ಅಲ್ಲಿಂದ ಮತ್ತೆ 8 ಗಂಟೆ, ನಡುವೆ ಕಾಯೋದು, ಇಲ್ಲಿ ದೇವನಹಳ್ಳಿ ಮುಟ್ಟೋದು, ಅಲ್ಲಿ ಇಮಿಗ್ರೇಷನ್ ಸಾಲು, ಕಾರು ಕೌಂಟರಿನ ಸಾಲು ಎಲ್ಲಾ ಸೇರಿಸಿದ್ರೆ ಹತ್ತಿರ ಹತ್ತಿರ ಒಂದು ಇಡೀ ದಿನ ಹೋಗುತ್ತೆ. ಅಲ್ಲಿನ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಂದ್ರೆ ಅಲ್ಲಿ ಸಂಜೆ 6 ಆದಾಗ ನಮ್ಮ ಮೈಗೆ ರಾತ್ರಿ ಒಂಬತ್ತೂವರೆ, ಅದೂ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಇಲ್ಲದ ಮೈ. ಆ ಸ್ಥಿತೀಲಿ ಗೊತ್ತಿಲ್ಲದ ಹೈವೇಲಿ 400 ಕಿಮೀ ಓಡಿಸೋದು ಬೇಕಾ ಅಂತ ಯೋಚನೆ ಮಾಡಿ.

ಇನ್ನೊಂದು, ಗೇಟ್ ಟೈಮು. ಮೇ ಇಂದ ಜುಲೈವರೆಗೆ ಕ್ರೂಗರ್ ಗೇಟುಗಳು ಸಂಜೆ 5:30ಕ್ಕೆ ಮುಚ್ಚುತ್ತೆ. ಗೇಟ್ ದಾಟಿದ್ರೆ ಮುಗೀತು ಅಂದ್ಕೋಬೇಡಿ, ನಿಮ್ಮ ಕ್ಯಾಂಪಿನ ಗೇಟೂ ಅದೇ ಟೈಮಿಗೆ ಮುಚ್ಚುತ್ತೆ. ಒಳಗೆ ಟಾರ್ ರಸ್ತೇಲಿ 50, ಮಣ್ಣು ರಸ್ತೇಲಿ 40 ಕಿಮೀ ಮಿತಿ. ಕ್ರಾಕಡೈಲ್ ಬ್ರಿಜ್ ಗೇಟಿಂದ ಲೋವರ್ ಸಾಬೀ ಕ್ಯಾಂಪಿಗೆ 34 ಕಿಮೀ ಅಷ್ಟೇ, ಆದ್ರೂ ಒಂದು ಗಂಟೆ ಇಟ್ಕೊಳ್ಳಲೇಬೇಕು, ದಾರೀಲಿ ಆನೆ ಹಿಂಡು ನಿಂತಿದ್ರೆ ಅದು ಹೋಗೋವರೆಗೂ ನೀವು ನಿಂತಿರಬೇಕು. ಗಡಿಯಾರ ನೋಡ್ಕೊಂಡು ಆನೆ ಹತ್ರ ಕಾರು ನುಗ್ಗಿಸೋ ಪರಿಸ್ಥಿತಿ ಯಾರಿಗೂ ಬರಬಾರದು.

ನಾವು ಇಳಿದ ದಿನ ಮಲೆಲೇನ್ ಅನ್ನೋ ಊರಲ್ಲಿ ಉಳ್ಕೊಂಡ್ವಿ, ಪಾರ್ಕಿನ ದಕ್ಷಿಣದ ಗೇಟಿಗೆ ಕೆಲವೇ ನಿಮಿಷ. ಏರ್‌ಪೋರ್ಟಿಂದ ಎನ್12 ಹೈವೇ ಹಿಡಿದು ಎಮಲಾಹ್ಲೇನಿ ಅನ್ನೋ ಊರ ಹತ್ರ ಎನ್4 ಹೈವೇ ಸೇರ್ಕೋಬೇಕು. ಅಲ್ಲಿವರೆಗೆ ಸಪಾಟು ಬಯಲು, ಕಲ್ಲಿದ್ದಲು ಗಣಿ, ವಿದ್ಯುತ್ ಸ್ಥಾವರದ ಚಿಮಣಿಗಳು. ಕಾಡು ನೋಡೋಕೆ ಬಂದವರಿಗೆ ಇದೇನಪ್ಪಾ ಅನ್ಸುತ್ತೆ. ಮಿಡಲ್‌ಬರ್ಗ್ ದಾಟಿದ ಮೇಲೆ ಅಲ್ಜು ಅಂತ ಒಂದು ಪೆಟ್ರೋಲ್ ಬಂಕ್ ಇದೆ, ಹಿಂದುಗಡೆ ಬೇಲಿಯೊಳಗೆ ಘೇಂಡಾಮೃಗ, ಕಾಡೆಮ್ಮೆ ಮೇಯ್ತಿರುತ್ತೆ, ಕಾಫಿ ಕುಡೀತಾ ನೋಡಬಹುದು, ಕಾಲು ಚಾಚೋಕೆ ಒಳ್ಳೆ ಜಾಗ. ಮಚಡೊಡಾರ್ಪ್ ಆದ್ಮೇಲೆ ದಾರಿ ಎರಡಾಗುತ್ತೆ, ಒಂದು ಎಲಾಂಡ್ಸ್ ಕಣಿವೆ, ಇನ್ನೊಂದು ಸ್ಕೂಮನ್ಸ್‌ಕ್ಲೂಫ್, ಮುಂದೆ ಹೋಗಿ ಎರಡೂ ಸೇರುತ್ತೆ. ಅಲ್ಲಿಂದ ಶುರು ಇಳಿಜಾರು, ಸಕಲೇಶಪುರದಿಂದ ಶಿರಾಡಿ ಇಳಿದ ಹಾಗೆ, ಸಾವಿರ ಮೀಟರ್‌ಗಿಂತ ಹೆಚ್ಚು ಇಳಿದುಬಿಡ್ತೀವಿ. ಮೇಲೆ ಸ್ವೆಟರ್ ಹಾಕಿದ್ದವರು ಕೆಳಗೆ ಬರೋಷ್ಟರಲ್ಲಿ ಕಿಟಕಿ ಇಳಿಸಿದ್ವಿ. ಎಂಬೊಂಬೇಲಾ ಪಟ್ಟಣ ದಾಟಿದ್ರೆ ಬಾಳೆ, ಕಿತ್ತಳೆ, ಆಮೇಲೆ ಮಲೆಲೇನ್‌ವರೆಗೂ ಕಬ್ಬು. ಅಲ್ಲೊಂದು ಸಕ್ಕರೆ ಫ್ಯಾಕ್ಟರಿ ಕೂಡ ಇದೆ. ಕಟಾವಿಗೆ ಮುಂಚೆ ಗದ್ದೆಗೆ ಬೆಂಕಿ ಕೊಡ್ತಾರೆ, ಸಂಜೆ ಕಪ್ಪು ಬೂದಿ ಗಾಳೀಲಿ ಹಾರ್ತಾ ಇತ್ತು. ನನ್ನ ಭಾವಮೈದ ಮಂಡ್ಯದವನು, ಆ ವಾಸನೆಗೇ ಅವನ ಸುಸ್ತೆಲ್ಲಾ ಹೋಯ್ತು.

ಬೆಳಿಗ್ಗೆ ನಾಲ್ಕಕ್ಕೇ ಮೂವರಿಗೂ ಎಚ್ಚರ, ಇಲ್ಲಿ ಏಳೂವರೆ ಆಗಿರುತ್ತಲ್ಲ. ಈ ಟೈಮ್ ವ್ಯತ್ಯಾಸ ಸಂಜೆ ಶತ್ರು, ಬೆಳಿಗ್ಗೆ ಮಿತ್ರ. ಆರಕ್ಕೆ ಗೇಟ್ ತೆಗೆದಾಗ ನಾವು ಮೊದಲ ಸಾಲಲ್ಲಿದ್ವಿ. ಕ್ರಾಕಡೈಲ್ ನದಿ ಸೇತುವೆ ದಾಟಿ ಗೇಟಿಗೆ ಹೋಗ್ಬೇಕು, ಸೇತುವೆ ಮೇಲಿಂದಲೇ ನೀರಾನೆಗಳ ಬೆನ್ನು ಕಾಣ್ತು. ಪಾಸ್‌ಪೋರ್ಟ್, ಬುಕಿಂಗ್ ಕಾಗದ, ಒಂದು ಫಾರಂ, ತಲಾ ಇಷ್ಟು ಅಂತ ದಿನದ ಶುಲ್ಕ. ಕೊಡೋ ಚೀಟಿ ಜೋಪಾನ, ಹೊರಗೆ ಬರೋವಾಗ ಕೇಳ್ತಾರೆ.

ಮೊದಲ ಅರ್ಧ ಗಂಟೆ ಇಂಪಾಲ (ನಮ್ಮ ಜಿಂಕೆ ಥರದ ಪ್ರಾಣಿ) ಕಂಡಲ್ಲೆಲ್ಲಾ ನಿಂತ್ವಿ. ನಿಲ್ಲಿ, ತಪ್ಪಿಲ್ಲ, ಎಲ್ಲರೂ ನಿಲ್ತಾರೆ. ಆಮೇಲೆ ಎಚ್3 ರಸ್ತೇಲಿ ಆಫ್ಸಾಲ್ ಪಿಕ್ನಿಕ್ ಜಾಗದವರೆಗೆ ಗಂಟೆಗೆ 20-25 ಕಿಮೀ ಮೀರಲೇ ಇಲ್ಲ. ಜಿರಾಫೆ ಮೊದಲು ಕಂಡಾಗ ಮೂವರೂ ಮಾತು ನಿಲ್ಲಿಸಿದ್ವಿ, ಅಷ್ಟು ಎತ್ತರದ ಪ್ರಾಣಿ ಅಷ್ಟು ಸದ್ದಿಲ್ಲದೆ ನಡೆಯುತ್ತೆ ಅಂತ ಟಿವಿ ನೋಡಿ ಗೊತ್ತಾಗಲ್ಲ. ಮಧ್ಯಾಹ್ನದ ಮೇಲೆ ಸ್ಕುಕುಝಾ ಕ್ಯಾಂಪ್ ದಾಟಿ ಎಚ್4-1, ಅದು ಸಾಬೀ ನದಿ ಪಕ್ಕಪಕ್ಕದಲ್ಲೇ ಹೋಗೋ ರಸ್ತೆ. ಒಂದು ಕಡೆ ಮರದ ಬುಡದಲ್ಲಿ ಸಿಂಹ ಮಲಗಿದೆ ಅಂತ ಇಪ್ಪತ್ತು ಕಾರು ಒತ್ತೊತ್ತಾಗಿ ನಿಂತಿದ್ವು, ಒಂದು ಬಾಲ ನೋಡ್ಕೊಂಡು ಮುಂದೆ ಹೋದ್ವಿ. ಲೋವರ್ ಸಾಬೀ ಕ್ಯಾಂಪಿಗೆ ಒಂದು ಕಿಮೀ ಇರೋವಾಗ ಸನ್‌ಸೆಟ್ ಡ್ಯಾಮ್ ಅಂತ ಕೆರೆ ಇದೆ, ಎಂಜಿನ್ ಆಫ್ ಮಾಡಿ ಕತ್ತಲಾಗೋ ಮುಂಚಿನವರೆಗೂ ಅಲ್ಲೇ ಕೂತ್ವಿ. ಮೊಸಳೆ, ನೀರಾನೆ, ಕೊಕ್ಕರೆಗಳು, ನೀರಿಗೆ ಬಂದ ವಾಟರ್‌ಬಕ್ ಜಿಂಕೆ, ಆಮೇಲೆ ಎರಡು ಆನೆ. ಅವತ್ತಿನ ಅತ್ಯುತ್ತಮ ಹೊತ್ತು ಅದೇ, ಕಾರು ಓಡದೇ ಇದ್ದ ಹೊತ್ತು.

ಅನುಭವ ಇರೋರು ಬರೀರಿ, ಒಪ್ಪದೇ ಇದ್ರೂ ಬರೀರಿ.

ಗೌಟೆಂಗ್_ಗೌಡ:

ತುಂಗಾತೀರ ಅವರೇ, ಚೆನ್ನಾಗಿ ಬರ್ದಿದೀರ. ನಾನು ಇಲ್ಲೇ ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ ಇರೋದು, ಊರಿಂದ ಬರೋ ನೆಂಟರನ್ನೆಲ್ಲಾ ಕ್ರೂಗರ್‌ಗೆ ಕಳಿಸೋ ಜವಾಬ್ದಾರಿ ನಂದೇ. ನಿಮ್ಮ ಮಾತು ಬಹುಪಾಲು ಒಪ್ತೀನಿ, ಆದ್ರೆ ಎಲ್ಲಾರಿಗೂ ಅನ್ವಯ ಅಲ್ಲ. ವಿಮಾನ ಬೆಳಗಿನ ಜಾವ ಇಳಿದ್ರೆ, ಇಬ್ಬರು ಓಡಿಸೋರಿದ್ರೆ, ಮಲೆಲೇನ್ ಗೇಟಿಗೆ ಹತ್ರ ಇರೋ ಬರ್ಗ್-ಎನ್-ಡಾಲ್ ಕ್ಯಾಂಪಿಗೆ ಬುಕ್ ಮಾಡಿದ್ರೆ ಅವತ್ತೇ ಮುಟ್ಟಬಹುದು, ಗೇಟಿಂದ ಹನ್ನೆರಡು ಕಿಮೀ ಅಷ್ಟೇ. ಹತ್ತು ಗಂಟೆ ಮೇಲೆ ಇಳಿಯೋರಾದ್ರೆ ಬೇಡವೇ ಬೇಡ.

ಯಾಕಂದ್ರೆ ಎನ್4 ರಸ್ತೆ ಒಳ್ಳೇದೇ ಆದ್ರೂ ಅದು ಮಾಪುಟೊ ಬಂದರಿಗೆ ಹೋಗೋ ದಾರಿ, ಲಾರಿಗಳ ಸಾಲೇ ಇರುತ್ತೆ. ಕತ್ತಲಾದ್ರೆ ಜನ ರಸ್ತೆ ದಾಟ್ತಾರೆ, ದನ ಬರುತ್ತೆ. ರಾತ್ರಿ ಊರಾಚೆ ಓಡಿಸಬೇಡಿ ಅಂತ ನಾವು ಇಲ್ಲಿರೋರೂ ಒಬ್ಬರಿಗೊಬ್ರು ಹೇಳ್ಕೋತೀವಿ. ಬಾಗಿಲು ಲಾಕ್, ಸಿಗ್ನಲ್ಲಲ್ಲಿ ಫೋನು ಬ್ಯಾಗು ಸೀಟ್ ಮೇಲೆ ಕಾಣೋ ಹಾಗೆ ಇಡಬೇಡಿ, ಸಾಮಾನೆಲ್ಲಾ ಡಿಕ್ಕೀಲಿ. ಯಾರೋ ಕೈ ತೋರಿಸಿ ನಿಲ್ಸಿ ಅಂದ್ರೆ ನಿಲ್ಲಬೇಡಿ, ಮುಂದಿನ ಪೆಟ್ರೋಲ್ ಬಂಕಿಗೆ ಹೋಗಿ ನೋಡ್ಕೊಳ್ಳಿ.

ಸಮಾಧಾನದ ವಿಷಯ ಅಂದ್ರೆ ಇಲ್ಲೂ ನಮ್ಮ ಹಾಗೆ ಎಡಗಡೆ ಓಡಿಸೋದು, ಸ್ಟೇರಿಂಗ್ ಬಲಕ್ಕೆ. ಕರ್ನಾಟಕದ ಸ್ಮಾರ್ಟ್ ಕಾರ್ಡ್ ಲೈಸೆನ್ಸ್ ಇಂಗ್ಲಿಷಲ್ಲಿದೆ, ಆದ್ರೂ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡೇ ಬನ್ನಿ. ಡೆಪಾಸಿಟ್ ಹಿಡಿಯೋಕೆ ಓಡಿಸೋರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಕೇಳ್ತಾರೆ, ಇದನ್ನ ಮರೀಬೇಡಿ.

ಡ್ರೈವಿಂಗೇ ಬೇಡ ಅನ್ನೋರಿಗೆ ಇನ್ನೊಂದು ದಾರಿ ಇದೆ. ಜೋಹಾನ್ಸ್‌ಬರ್ಗಿಂದ ಪಾರ್ಕ್ ಒಳಗಿರೋ ಸ್ಕುಕುಝಾಗೇ ಸಣ್ಣ ವಿಮಾನ ಹೋಗುತ್ತೆ, ಎಂಬೊಂಬೇಲಾ ಹತ್ರಾನೂ ಏರ್‌ಪೋರ್ಟ್ ಇದೆ. ಅಲ್ಲೇ ಕಾರು ಸಿಗುತ್ತೆ. ದುಡ್ಡು ಜಾಸ್ತಿ, ಆದ್ರೆ ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಬರೋರಿಗೆ ನಾನು ಇದನ್ನೇ ಹೇಳ್ತೀನಿ.

ಕಬಿನಿ_ಕಡೆಯವ:

ಬಂಡೀಪುರ, ನಾಗರಹೊಳೆ ಅಲೆದವರಿಗೆ ಈ ಸೆಲ್ಫ್ ಡ್ರೈವ್ ಅನ್ನೋದೇ ಒಂದು ಬೆರಗು. ನಮ್ಮಲ್ಲಿ ಸಫಾರಿ ಅಂದ್ರೆ ಇಲಾಖೆ ಬಸ್ಸು, ಇಲ್ಲಾ ಜಂಗಲ್ ಲಾಡ್ಜಸ್ ಜೀಪು, ಹೊತ್ತು ಅವರದು, ದಾರಿ ಅವರದು. ಅದು ತಪ್ಪು ಅಂತಲ್ಲ, ನಮ್ಮ ಕಾಡು ಚಿಕ್ಕದು, ಸುತ್ತ ಊರು. ಕ್ರೂಗರ್ ಸುಮಾರು 19,500 ಚದರ ಕಿಮೀ, ಬಂಡೀಪುರದ ಇಪ್ಪತ್ತು ಪಟ್ಟಿಗಿಂತ ದೊಡ್ಡದು. ಉತ್ತರದಿಂದ ದಕ್ಷಿಣಕ್ಕೆ 350 ಕಿಮೀ. ಅದಕ್ಕೇ ಮೊದಲ ದಿನವೇ ಮೂರು ಕ್ಯಾಂಪ್ ಸುತ್ತೋ ಪ್ಲಾನ್ ಹಾಕೋರನ್ನ ನೋಡಿದ್ರೆ ಸಂಕಟ ಆಗುತ್ತೆ, ದಕ್ಷಿಣದ ಒಂದು ಮೂಲೆ ಸಾಕು.

ಒಂದು ಕಿವಿಮಾತು. ಇಲ್ಲಿ ನಾವು ಜಿಂಕೆ ಕೂಗು, ಮುಸುವದ ಕೂಗು ಕೇಳಿ ಹುಲಿ ಎಲ್ಲಿದೆ ಅಂತ ಅಂದಾಜು ಮಾಡ್ತೀವಲ್ಲ, ಆ ಅಭ್ಯಾಸವನ್ನ ಅಲ್ಲಿಗೂ ತಗೊಂಡು ಹೋಗಿ. ಇಂಪಾಲ ಮೂಗಲ್ಲಿ ಜೋರಾಗಿ ಸೀನಿದ ಹಾಗೆ ಸದ್ದು ಮಾಡಿದ್ರೆ, ವರ್ವೆಟ್ ಕೋತಿಗಳು ಮರದ ಮೇಲಿಂದ ಕಿರುಚಿದ್ರೆ ಏನೋ ಇದೆ. ಜಿರಾಫೆ ಕೂಗಲ್ಲ, ಆದ್ರೆ ಎರಡು ಮೂರು ಜಿರಾಫೆ ಮೇಯೋದು ಬಿಟ್ಟು ಒಂದೇ ಕಡೆ ಮುಖ ಮಾಡಿ ನಿಂತಿದ್ರೆ ಆ ಕಡೆ ಬೈನಾಕ್ಯುಲರ್ ಹಿಡೀರಿ. ಕಿಟಕಿ ಏರಿಸಿ ಎಸಿ ಹಾಕ್ಕೊಂಡು ಹೋದ್ರೆ ಇದೆಲ್ಲಾ ತಪ್ಪಿಹೋಗುತ್ತೆ.

ಆನೆ ವಿಷಯ ಮಾತ್ರ ಗಂಭೀರವಾಗಿ ತಗೊಳ್ಳಿ. ನಮ್ಮ ಆನೆ ನೋಡಿದ್ದೀವಿ ಗೊತ್ತು ಅಂತ ಹೋಗ್ಬೇಡಿ. ಅಲ್ಲಿ ಹೆಣ್ಣಾನೆಗೂ ದಂತ ಇರುತ್ತೆ, ಹೆಣ್ಣಾನೆಗೂ ಕೆನ್ನೆ ಪಕ್ಕ ಒದ್ದೆ ಇಳಿಯುತ್ತೆ, ಅಷ್ಟಕ್ಕೇ ಮದ ಅನ್ನೋಕಾಗಲ್ಲ. ಗಂಡಾನೆ ಹಿಂಗಾಲು ಒದ್ದೆಯಾಗೋ ಹಾಗೆ ಉಚ್ಚೆ ತೊಟ್ಟಿಕ್ಕಿಸ್ತಾ ತಲೆ ಎತ್ತಿ ನಡೀತಿದ್ರೆ ಅದು ಮದ, ದೂರದಿಂದಲೇ ಹಿಂದಕ್ಕೆ ತಗೊಳ್ಳಿ. ಹಿಂಡು ದಾಟುವಾಗ ನಡುವೆ ನುಗ್ಗಬೇಡಿ, ಹಿಂದುಗಡೆ ಕಾರಿಗೆ ಅಂಟಿಕೊಂಡು ನಿಂತು ನಿಮ್ಮ ದಾರಿ ನೀವೇ ಮುಚ್ಚಿಕೋಬೇಡಿ.

ಯಾವ ಕಾರು ತಗೊಂಡಿದ್ರಿ ಸರ್? ಫೋರ್ ವೀಲ್ ಡ್ರೈವ್ ಬೇಕಾ?

ತುಂಗಾತೀರ:

ಬೇಡ ಸರ್, ನಾವು ತಗೊಂಡಿದ್ದು ಸಾಮಾನ್ಯ ಹ್ಯಾಚ್‌ಬ್ಯಾಕ್. ಮುಖ್ಯ ರಸ್ತೆಗಳು ಟಾರು, ಮಣ್ಣಿನವೂ ಗಟ್ಟಿಯಾಗೇ ಇವೆ. ಎತ್ತರದ ಗಾಡಿ ಆದ್ರೆ ಹುಲ್ಲಿನ ಮೇಲಿಂದ ಕಾಣುತ್ತೆ ಅನ್ನೋ ಅನುಕೂಲ ಇದೆ, ಆದ್ರೆ ಜುಲೈನಲ್ಲಿ ಹುಲ್ಲು ಒಣಗಿ ಕೂತಿರುತ್ತೆ, ಪ್ರಾಣಿಗಳೂ ನೀರಿನ ಹತ್ರಾನೇ ಇರುತ್ತೆ. ಜನವರಿ ಫೆಬ್ರವರಿ ಮಳೆಗಾಲದಲ್ಲಿ ಹೋಗೋರು ಎತ್ತರದ್ದು ತಗೊಳ್ಳಿ.

ಮಲ್ಲಿಗೆಬಳ್ಳಿ:

ನಮಸ್ತೆ, ಓದಿ ತುಂಬಾ ಆಸೆ ಆಯ್ತು. ನಮಗೆ ಇಬ್ಬರು ಮಕ್ಕಳು, ಚಿಕ್ಕವಳಿಗೆ ನಾಲ್ಕು ವರ್ಷ. ಮೂರು ಪ್ರಶ್ನೆ ಇದೆ. ಮಲೇರಿಯಾ ಇದೆಯಂತೆ ಹೌದಾ? ಕಾರಿಂದ ಇಳಿಯಂಗಿಲ್ಲ ಅಂದ್ರೆ ಮಕ್ಕಳಿಗೆ ಟಾಯ್ಲೆಟ್ ಹೇಗೆ? ನಾವು ಶುದ್ಧ ಸಸ್ಯಾಹಾರಿಗಳು, ಊಟ ಏನು ಮಾಡಿದ್ರಿ?

ಗೌಟೆಂಗ್_ಗೌಡ:

ಮೇಡಂ, ಕ್ರೂಗರ್ ಮಲೇರಿಯಾ ಪ್ರದೇಶವೇ. ಚಳಿಗಾಲದಲ್ಲಿ, ಅಂದ್ರೆ ಜೂನ್ ಜುಲೈ ಆಗಸ್ಟಲ್ಲಿ ಕಡಿಮೆ, ಮಳೆಗಾಲದಲ್ಲಿ ಜಾಸ್ತಿ. ಮಾತ್ರೆ ತಗೋಬೇಕಾ, ಯಾವುದು, ಮಗುವಿಗೆ ಎಷ್ಟು ಅನ್ನೋದನ್ನ ಡಾಕ್ಟರ್ ಹತ್ರಾನೇ ಕೇಳಿ, ಹೊರಡೋಕೆ ಕೆಲವು ವಾರ ಮುಂಚೆ. ನನ್ನ ಅಭಿಪ್ರಾಯ ಕೇಳಿದ್ರೆ ನಾಲ್ಕು ವರ್ಷದ ಮಗು ಇದ್ರೆ ಈ ಸಲ ಪಿಲಾನೆಸ್‌ಬರ್ಗ್ ನೋಡಿ. ಮಲೇರಿಯಾ ಇಲ್ಲ, ಏರ್‌ಪೋರ್ಟಿಂದ ಮೂರು ಗಂಟೆಯೊಳಗೆ, ಹಳೇ ಜ್ವಾಲಾಮುಖಿ ಬೆಟ್ಟಗಳ ಉಂಗುರದ ಒಳಗಿರೋ ಕಾಡು, ಸಿಂಹ, ಆನೆ, ಘೇಂಡಾ ಎಲ್ಲಾ ಇದೆ, ಅಲ್ಲೂ ನೀವೇ ಓಡಿಸಬಹುದು. ಮಕ್ಕಳ ಜನನ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ, ಇಮಿಗ್ರೇಷನ್‌ನಲ್ಲಿ ಕೇಳಬಹುದು.

ತುಂಗಾತೀರ:

ಅಕ್ಕ, ಟಾಯ್ಲೆಟ್ ಬಗ್ಗೆ: ಕ್ಯಾಂಪುಗಳಲ್ಲಿ, ಗೇಟುಗಳಲ್ಲಿ, ಗುರುತು ಮಾಡಿರೋ ಪಿಕ್ನಿಕ್ ಜಾಗಗಳಲ್ಲಿ ಇಳಿಯಬಹುದು, ಅಲ್ಲೆಲ್ಲಾ ಟಾಯ್ಲೆಟ್ ಚೊಕ್ಕಟವಾಗಿದೆ. ಒಂದರಿಂದ ಒಂದಕ್ಕೆ ಒಂದೂವರೆ ಎರಡು ಗಂಟೆ ಹಿಡಿಯುತ್ತೆ, ಆ ಲೆಕ್ಕದಲ್ಲಿ ದಿನ ಜೋಡಿಸ್ಕೊಳ್ಳಿ. ಬೇರೆ ಎಲ್ಲೂ ಬಾಗಿಲು ತೆಗೆಯೋ ಹಾಗಿಲ್ಲ, ಸನ್‌ರೂಫಿಂದ ತಲೆ ಹೊರಗೆ ಹಾಕೋ ಹಾಗಿಲ್ಲ, ಮಕ್ಕಳಿಗೆ ಇದನ್ನ ಮನೇಲೇ ಹೇಳಿ ಕರ್ಕೊಂಡು ಹೋಗಿ.

ಊಟಕ್ಕೆ ಯೋಚನೆ ಬೇಡ. ಕ್ಯಾಂಪಿನ ಗುಡಿಸಲುಗಳಲ್ಲಿ ಅಡುಗೆ ಸೌಕರ್ಯ ಇರೋದನ್ನ ಬುಕ್ ಮಾಡಬಹುದು, ಇಲ್ಲದಿದ್ರೂ ಎಲ್ಲರಿಗೂ ಸೇರಿ ಒಂದು ಅಡುಗೆಮನೆ ಇರುತ್ತೆ, ಕುದಿಯೋ ನೀರು ಯಾವಾಗಲೂ ಸಿಗುತ್ತೆ. ನಾವು ಗೊಜ್ಜವಲಕ್ಕಿ, ಚಟ್ನಿಪುಡಿ, ರವೆ ಉಪ್ಪಿಟ್ಟಿನ ಪ್ಯಾಕೆಟ್ ಒಯ್ದಿದ್ವಿ. ತುಪ್ಪ, ಹಾಲಿನ ಸಿಹಿ, ಹಣ್ಣು, ಬಿತ್ತನೆ ಕಾಳು ಇಂಥದ್ದು ಬೇಡ, ಕಸ್ಟಮ್ಸ್‌ನಲ್ಲಿ ತಡೀತಾರೆ. ಅಕ್ಕಿ, ಬೇಳೆ, ಮೊಸರು, ತರಕಾರಿ ಎಲ್ಲಾ ಎಂಬೊಂಬೇಲಾ ಸೂಪರ್‌ಮಾರ್ಕೆಟಲ್ಲೇ ಸಿಕ್ತು. ಆ ದೇಶದಲ್ಲಿ ಭಾರತ ಮೂಲದವರು ಬಹಳ, ಮಸಾಲೆಗೆ ಬರ ಇಲ್ಲ. ಪಿಕ್ನಿಕ್ ಜಾಗದಲ್ಲಿ ಕೋತಿ ಹುಷಾರು, ಅದರಲ್ಲೂ ನ್‌ಕುಹ್ಲು ಅನ್ನೋ ಕಡೆ ತಟ್ಟೆಗೇ ಕೈ ಹಾಕುತ್ತೆ.

ಧಾರವಾಡ_ರಿಟೈರ್ಡ್:

ಅಲ್ರೀ, ಎಲ್ಲಾರೂ ಬೆಳಿಗ್ಗಿಂದ ಸಂಜೀತನ ಕಾರ್ ಓಡ್ಸೂದರ ಬಗ್ಗೆನ ಹೇಳ್ಲಿಕತ್ತೀರಿ. ನಾ ಮತ್ತ ನಮ್ಮ ಮನ್ಯಾಕಿ ಮಗನ ಜೋಡಿ ಹೋಗಿದ್ವಿ, ಮೊದಲ ದಿನಾ ಛಲೋ ಕಳೀಬೇಕಂದ್ರ ನಂದೊಂದು ಮಾತ ಕೇಳ್ರಿ. ಮಧ್ಯಾಹ್ನ ಎರಡಕ್ಕ ರೂಮ್ ಕೊಡ್ತಾರ, ಹೋಗಿ ಒಂದ ತಾಸ ಮಲ್ಕೋರಿ. ಆಮ್ಯಾಲ ಪಾರ್ಕಿನವರದ ಸನ್‌ಸೆಟ್ ಡ್ರೈವ್ ಐತಿ, ದೊಡ್ಡ ತೆರೆದ ಗಾಡಿ, ಅವರದ ಗೈಡ್ ಓಡಿಸ್ತಾನ, ಸುಮಾರ ಮೂರ ತಾಸ. ಗೇಟ್ ಮುಚ್ಚಿದ ಮ್ಯಾಲೂ ಅವರು ಹೊರಗ ಇರಬಹುದು, ನಾವು ಇರಂಗಿಲ್ಲ. ರಾತ್ರಿ ಪ್ರಾಣಿ ನೋಡ್ಲಿಕ್ಕೆ ಅದೊಂದ ದಾರಿ. ನಮಗ ಕತ್ತೆಕಿರುಬ ತನ್ನ ಮರಿಗೋಳ ಜೋಡಿ ರಸ್ತೆ ಪೈಪಿನ ಬಾಯಾಗ ಕುಂತಿದ್ದು ಕಾಣಿಸ್ತು, ಅದನ್ನ ನೋಡಿ ನಮ್ಮಾಕಿ ಕತ್ತೆಕಿರುಬದ ಮ್ಯಾಲಿನ ಹೇಸಿಗಿ ಬಿಟ್ಟಳು.

ಗೈಡ್ ಹೇಳಿದ್ದು ಕೇಳಿದ ಮ್ಯಾಲ ಮರುದಿನ ನಮ್ಮ ಕಣ್ಣು ಬ್ಯಾರೇನ ಆಗಿತ್ತು. ಮಾರೂಲಾ ಗಿಡ ಯಾವುದು, ಆನಿ ತೊಗಟೆ ಸುಲದದ್ದು ಹೆಂಗಿರ್ತದ, ರಣಹದ್ದು ಸುತ್ತು ಹೊಡಿಯೂದಕ್ಕೂ ಕೆಳಗ ಇಳಿಯೂದಕ್ಕೂ ಏನ ಫರಕ, ಎಲ್ಲಾ ಹೇಳಿದ. ಆದ್ರ ಥಂಡಿ ಭಾಳ ರೀ, ಜುಲೈದಾಗ ಮಂಕಿ ಟೊಪಗಿ, ಶಾಲು ಬೇಕ ಬೇಕು.

ಕಬಿನಿ_ಕಡೆಯವ:

ಸರ್, ನಿಮ್ಮ ಮಾತು ನೂರಕ್ಕೆ ನೂರು. ಮೊದಲ ಸಂಜೆ ಗೈಡ್, ಮರುದಿನದಿಂದ ನಾವು, ಇದು ಒಳ್ಳೆ ಕ್ರಮ.

ಕುಡ್ಲದ_ಪಯಣಿಗ:

ನಾವು ಹೋದದ್ದು ನಮೀಬಿಯಾಕ್ಕೆ ಮಾರಾಯ್ರೆ, ಎಟೋಷಾ. ಅಲ್ಲಿಯೂ ಇದೇ ಕಥೆ ಉಂಟು. ವಿಂಡ್‌ಹುಕ್ ಏರ್‌ಪೋರ್ಟ್ ಊರಿಂದ 45 ಕಿಮೀ ಆಚೆ, ಅಲ್ಲಿಂದ ಪಾರ್ಕಿನ ಆಂಡರ್ಸನ್ ಗೇಟಿಗೆ ಮತ್ತೆ 400 ಕಿಮೀಗಿಂತ ಜಾಸ್ತಿ. ಓಕಹಾಂಜ, ಓಚಿವರೊಂಗೊ, ಔಟ್ಯೊ ಅಂತ ಊರುಗಳು, ಒಂದು ಊರು ಬಿಟ್ಟರೆ ಇನ್ನೊಂದು ಸಿಗ್ಲಿಕ್ಕೆ ಗಂಟೆಗಟ್ಟಲೆ. ರಸ್ತೆ ಬದಿಯಲ್ಲಿ ವಾರ್ಟ್‌ಹಾಗ್ ಅಂತ ಕಾಡುಹಂದಿ ಮೊಣಕಾಲೂರಿ ಹುಲ್ಲು ತಿಂತಾ ಇರ್ತದೆ. ಕತ್ತಲಾದ ಮೇಲೆ ಕುಡು ಜಿಂಕೆ ಒಮ್ಮೆಲೇ ರಸ್ತೆಗೆ ಹಾರ್ತದೆ, ಕುದುರೆಯಷ್ಟು ದೊಡ್ಡದು, ಕಾರು ಉಳಿಯುದಿಲ್ಲ. ಅದಕ್ಕೆ ಅಲ್ಲಿ ಕಾರು ಕೊಡುವವರಲ್ಲಿ ಬಹಳ ಜನ ರಾತ್ರಿ ಊರ ಹೊರಗೆ ಓಡಿಸಿದ್ರೆ ಇನ್ಶೂರೆನ್ಸ್ ಇಲ್ಲ ಅಂತ ಕಾಗದದಲ್ಲೇ ಬರೀತಾರೆ, ಓದಿ ಸೈನ್ ಮಾಡಿ.

ಕ್ರೂಗರ್‌ಗೂ ಎಟೋಷಾಕ್ಕೂ ದೊಡ್ಡ ವ್ಯತ್ಯಾಸ ಏನಂದ್ರೆ ಅಲ್ಲಿ ನಡುವೆ ಬಿಳಿ ಉಪ್ಪಿನ ಬಯಲು, ಸುಮಾರು 4,800 ಚದರ ಕಿಮೀ, ಹಸಿರೇ ಇಲ್ಲ. ಪ್ರಾಣಿ ಹುಡುಕಿಕೊಂಡು ಹೋಗುವುದಲ್ಲ, ನೀರಿನ ಗುಂಡಿ ಹತ್ರ ಕೂತ್ಕೊಂಡ್ರೆ ಅವೇ ಬರ್ತವೆ. ಓಕಾಕುಯೊ ಕ್ಯಾಂಪಿನ ಗುಂಡಿಗೆ ರಾತ್ರಿಯಿಡೀ ದೀಪ ಹಾಕಿರ್ತಾರೆ, ಬೇಲಿಯ ಈಚೆ ಬೆಂಚಿನಲ್ಲಿ ಕೂತು ಕಪ್ಪು ಘೇಂಡಾಮೃಗ ನೀರು ಕುಡಿಯುವುದು ನೋಡ್ಲಿಕ್ಕೆ ಆಗ್ತದೆ. ಹಾಗಾಗಿ ತುಂಗಾತೀರ ಅವರು ಹೇಳಿದ ಆ ಕೆರೆ ಬದಿಯಲ್ಲಿ ಕೂರುವ ವಿಷಯ ನನಗೆ ಸರಿ ಕಂಡಿತು.

ಹೊಸ_ಹಾದಿ:

ಕೂತ್ಕೊಂಡೇ ಇದ್ರೆ ಸಿಂಹ, ಚಿರತೆ ಮಿಸ್ ಆಗಲ್ವಾ ಗುರು? ಸೈಟಿಂಗ್ ಆ್ಯಪ್ ಇದೆಯಂತೆ, ಯಾವ ರಸ್ತೇಲಿ ಏನಿದೆ ಅಂತ ತಕ್ಷಣ ಬರುತ್ತಂತೆ. ಅಷ್ಟು ದುಡ್ಡು ಖರ್ಚು ಮಾಡಿ ಹೋಗಿರ್ತೀವಿ, ಮೊದಲ ದಿನವೇ ಬಿಗ್ ಫೈವ್ (ಸಿಂಹ, ಚಿರತೆ, ಆನೆ, ಘೇಂಡಾ, ಕಾಡೆಮ್ಮೆ) ಆಗಿಬಿಟ್ರೆ ಉಳಿದ ದಿನ ಆರಾಮ ಅಲ್ವಾ?

ತುಂಗಾತೀರ:

ದುಡ್ಡಿನ ಕಳವಳ ಅರ್ಥ ಆಗುತ್ತೆ ಬ್ರದರ್, ನಮಗೂ ವರ್ಷದ ಉಳಿತಾಯ ಅದು. ಆದ್ರೆ ಆ್ಯಪ್ ನೋಡಿ ಹೊರಟ್ರೆ ನೀವು ಹೋಗಿ ಮುಟ್ಟೋ ಹೊತ್ತಿಗೆ ಅಲ್ಲಿ ಕಾರಿನ ಜಾತ್ರೆ, ಪ್ರಾಣಿ ಪೊದೆ ಒಳಗೆ. ದಾರೀಲಿ 50 ಮೀರಿ ಓಡಿಸೋ ಆಸೆ ಬೇರೆ ಹುಟ್ಟುತ್ತೆ, ಒಳಗೆ ಸ್ಪೀಡ್ ಚೆಕ್ ಇದೆ, ಅದಕ್ಕಿಂತ ಹೆಚ್ಚಾಗಿ ರಸ್ತೆ ಮೇಲೆ ಆಮೆ, ಗೋಸುಂಬೆ, ಹಕ್ಕಿ ಮರಿ ಇರುತ್ತೆ, ಚಕ್ರದಡಿ ಸಾಯೋದು ಅವೇ. ಕ್ಯಾಂಪ್ ರಿಸೆಪ್ಷನ್ ಹತ್ರ ಒಂದು ಮ್ಯಾಪ್ ಬೋರ್ಡ್ ಇದೆ, ಅವತ್ತು ಎಲ್ಲೆಲ್ಲಿ ಏನೇನು ಕಂಡಿತು ಅಂತ ಜನ ಬಣ್ಣದ ಬಿಲ್ಲೆ ಅಂಟಿಸಿರ್ತಾರೆ. ಮರುದಿನದ ದಾರಿ ಗೊತ್ತುಮಾಡೋಕೆ ಅಷ್ಟು ಸಾಕು.

ಆ ಬೋರ್ಡಲ್ಲಿ ಘೇಂಡಾಮೃಗ ಮಾತ್ರ ಗುರುತು ಮಾಡಲ್ಲ, ಗಮನಿಸಿ. ಕೊಂಬಿಗಾಗಿ ಕೊಲ್ಲೋರು ಇನ್ನೂ ಇದಾರೆ, ಬಹಳಷ್ಟು ಘೇಂಡಾಗಳ ಕೊಂಬನ್ನ ಪಾರ್ಕಿನವರೇ ಕತ್ತರಿಸಿಬಿಟ್ಟಿದಾರೆ ಬದುಕಲಿ ಅಂತ. ನಮಗೂ ಮೊದಲ ದಿನ ಕಂಡಿತು, ಎಲ್ಲಿ ಅಂತ ನಾನು ಇಲ್ಲಿ ಬರೆಯಲ್ಲ, ನೀವೂ ಹೋಗಿ ಬಂದ್ಮೇಲೆ ಫೋಟೊ ಹಾಕೋದಾದ್ರೆ ಲೊಕೇಷನ್ ಆಫ್ ಮಾಡಿ ಹಾಕಿ. ಇದೊಂದು ಎಲ್ಲರ ಹತ್ರಾನೂ ಕೈಮುಗಿದು ಕೇಳ್ಕೋತೀನಿ.

ಹೊಸ_ಹಾದಿ:

ಇದು ಗೊತ್ತಿರ್ಲಿಲ್ಲ, ಖಂಡಿತ. ಕೊನೇದಾಗಿ, ಬುಕಿಂಗ್ ಯಾವಾಗ ಮಾಡ್ಬೇಕು? ನಾನು ನೋಡ್ತಿರೋ ಕಡಿಮೆ ಟಿಕೆಟ್ ಆಡಿಸ್ ಅಬಾಬ ಮೇಲಿದೆ, ಏನಾದ್ರೂ ತೊಂದರೆನಾ?

ಗೌಟೆಂಗ್_ಗೌಡ:

ಪಾರ್ಕಿನ ಕ್ಯಾಂಪ್ ಬುಕಿಂಗ್ ಸುಮಾರು ಒಂದು ವರ್ಷ ಮುಂಚೆಯೇ ತೆರೆಯುತ್ತೆ. ಜೂನ್ ಜುಲೈ ಇಲ್ಲಿ ಶಾಲೆ ರಜೆ, ಲೋವರ್ ಸಾಬೀ, ಸ್ಕುಕುಝಾ ಬೇಗ ತುಂಬೋಗುತ್ತೆ. ಮೊದಲು ಕ್ಯಾಂಪ್ ಸಿಗುತ್ತಾ ನೋಡಿ, ಆಮೇಲೆ ವಿಮಾನದ ಟಿಕೆಟ್.

ಆಡಿಸ್ ಅಬಾಬ, ನೈರೋಬಿ ಮೇಲೆ ಬರೋರು ಹಳದಿ ಜ್ವರದ ಲಸಿಕೆ ಹಾಕಿಸಿ ಸರ್ಟಿಫಿಕೇಟ್ ಇಟ್ಕೊಳ್ಳಿ. ಅಂಥ ದೇಶದ ಏರ್‌ಪೋರ್ಟಲ್ಲಿ 12 ಗಂಟೆಗಿಂತ ಜಾಸ್ತಿ ಇದ್ದು ಬಂದ್ರೆ ಇಲ್ಲಿ ಕಡ್ಡಾಯ, ವಾಪಸ್ ಹೋಗೋವಾಗ ಭಾರತದಲ್ಲೂ ಕೇಳಬಹುದು. ಲಸಿಕೆ ಸರ್ಕಾರ ಗುರುತಿಸಿರೋ ಕೇಂದ್ರಗಳಲ್ಲಿ ಮಾತ್ರ, ಹಾಕಿಸಿ 10 ದಿನ ಆದ ಮೇಲೇ ಸರ್ಟಿಫಿಕೇಟ್ ಚಾಲ್ತಿಗೆ ಬರೋದು, ಆಮೇಲೆ ಜೀವಮಾನ ಪೂರ್ತಿ ನಡೆಯುತ್ತೆ. ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತೆ ಹೇಳಿ, ಅವತ್ತು ರಾತ್ರಿ ಎಮಲಾಹ್ಲೇನೀಲಿ ಉಳೀಬೇಕಾ ಮಲೆಲೇನ್‌ವರೆಗೂ ಹೋಗಬಹುದಾ ಅಂತ ಲೆಕ್ಕ ಹಾಕಿ ಹೇಳ್ತೀನಿ.

ಹೊಸ_ಹಾದಿ:

ಮಧ್ಯಾಹ್ನ ಒಂದೂವರೆಗೆ ಇಳಿಯುತ್ತೆ ಸರ್.

ಗೌಟೆಂಗ್_ಗೌಡ:

ಹಾಗಾದ್ರೆ ಏರ್‌ಪೋರ್ಟಿಂದ ಹೊರಬೀಳೋದೇ ಮೂರೂವರೆ ಆಗುತ್ತೆ, ಜುಲೈನಲ್ಲಿ ಐದೂವರೆಗೆ ಕತ್ತಲು. ಎಮಲಾಹ್ಲೇನಿ ಇಲ್ಲಾ ಮಿಡಲ್‌ಬರ್ಗ್, ಅದರಾಚೆ ಬೇಡ. ಬೆಳಿಗ್ಗೆ ಹೇಗೂ ನಾಲ್ಕಕ್ಕೆ ಎಚ್ಚರ ಆಗುತ್ತೆ, ಆದ್ರೂ ಬೆಳಕಾದ ಮೇಲೆ ಹೊರಡಿ, ಹನ್ನೊಂದರ ಒಳಗೆ ಮಲೆಲೇನ್ ಗೇಟಲ್ಲಿರ್ತೀರ.